ಭಾರಲೋಹಗಳಿಂದ ಕಿಡ್ನಿ ಕಾಪಾಡಿಕೊಳ್ಳುವುದು ಹೇಗೆ?

ಕಿಡ್ನಿಗೆ ಸೇರಿದ ಕ್ಯಾಡ್ಮಿಯಂ ಎಂಬ ಭಾರಲೋಹ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ಹಿಡಿಯುತ್ತದೆ. ಅದನ್ನು ಹೊರತೆಗೆಯುವ ನಂಬಿಕಸ್ಥ ಮದ್ದು ಇಲ್ಲ. ಆದ್ದರಿಂದ ‘ಡಿಟಾಕ್ಸ್’ ಪುಡಿಗಳಿಗೆ ದುಡ್ಡು ಸುರಿಯುವ ಬದಲು ಲೋಹ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಮೊದಲ ಹೆಜ್ಜೆ: ಮೂಲ ತಡೆಯಿರಿ. ಸಿಗರೇಟು ಬಿಡಿ, ಅದರ ಹೊಗೆಯಲ್ಲೇ ಕ್ಯಾಡ್ಮಿಯಂ ಇದೆ. ಒಳಗೇನಿದೆ ಎಂದು ಬರೆಯದ, ಚರ್ಮ ಬೆಳ್ಳಗಾಗಿಸುವ ಕ್ರೀಮ್ ಎಸೆಯಿರಿ. ಪಾದರಸವಿದ್ದರೆ ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಬಹುದು. ಹಳೆಯ ಸೀಸದ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಎರಡನೆಯದು ನೀರು. ಕುದಿಸಿದರೆ ಸೀಸ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಇವೆರಡರಲ್ಲಿ ಯಾವುದೇ ಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಆರ್‌ಒ ಫಿಲ್ಟರ್ ಹಾಕಿಸಿ, ಸೋಸಿದ ನೀರನ್ನೂ ಪರೀಕ್ಷಿಸಿ.

ಮೂರನೆಯದು ಪರೀಕ್ಷೆ. ಎಡವಟ್ಟಾಗುವುದು ಇಲ್ಲೇ. ಸೀಸಕ್ಕೆ ರಕ್ತ ಕೊಡಬೇಕು. ಕ್ಯಾಡ್ಮಿಯಂ ವರ್ಷಗಳಿಂದ ಎಷ್ಟು ಕೂಡಿದೆ ಎಂದು ತಿಳಿಯಲು ಮೂತ್ರ; ರಕ್ತ ತೋರಿಸುವುದು ಹೆಚ್ಚಾಗಿ ಇತ್ತೀಚಿನ ಸೇವನೆಯನ್ನು. ಆರ್ಸೆನಿಕ್‌ಗೂ ಮೂತ್ರವೇ, ಆದರೆ ಹಿಂದಿನ 4-5 ದಿನ ಸಮುದ್ರದ ಮೀನು, ಸಿಗಡಿ ತಿನ್ನಬೇಡಿ: ಅವುಗಳಲ್ಲಿನ ನಿರುಪದ್ರವಿ ಆರ್ಸೆನಿಕ್ ಅಂಕಿಯನ್ನು ಸುಳ್ಳೇ ಏರಿಸುತ್ತದೆ. ಲ್ಯಾಬ್ ಕೊಟ್ಟ ಲೋಹಮುಕ್ತ ಡಬ್ಬಿಯನ್ನೇ ಬಳಸಿ, ಕೈ ತೊಳೆದು ಹಿಡಿಯಿರಿ, ಕೆಲಸದ ಬಟ್ಟೆಯಲ್ಲಿ ಬೇಡವೇ ಬೇಡ. ಮೂತ್ರದ ಫಲಿತಾಂಶವನ್ನು ಅದರಲ್ಲಿನ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ, ಸ್ನಾಯುಗಳ ತ್ಯಾಜ್ಯ) ಲೆಕ್ಕದಲ್ಲಿ ಕೇಳಿ. ಇಲ್ಲದಿದ್ದರೆ ಹೆಚ್ಚು ನೀರು ಕುಡಿದವರ ಅಂಕಿ ಸುಮ್ಮನೆ ತಗ್ಗುತ್ತದೆ. ಮೊದಲು ಕೀಲೇಶನ್ ಮಾತ್ರೆ (ಲೋಹವನ್ನು ಹಿಡಿದು ಮೂತ್ರಕ್ಕೆ ಸಾಗಿಸುವ ಮದ್ದು) ನುಂಗಿಸಿ ಆಮೇಲೆ ಮೂತ್ರ ಹಿಡಿಯುವ ಪರೀಕ್ಷೆಗೆ ಒಪ್ಪಬೇಡಿ. ಮಾತ್ರೆ ಕೊಟ್ಟರೆ ಯಾರ ಮೂತ್ರದಲ್ಲೂ ಲೋಹ ಹೆಚ್ಚೇ ಬರುತ್ತದೆ, ಹೋಲಿಸುವ ಅಂಕಿಗಳೋ ಮಾತ್ರೆ ನುಂಗದವರವು. ಕೂದಲು ಪರೀಕ್ಷೆಯೂ ಬೇಡ.

ರಕ್ತದ ಕ್ರಿಯಾಟಿನಿನ್ ಸರಿಯಿದೆ ಎಂದು ನಿಶ್ಚಿಂತರಾಗಬೇಡಿ, ಅದು ಏರುವುದು ತಡವಾಗಿ. ಕ್ಯಾಡ್ಮಿಯಂ ಮೊದಲು ಕೆಡಿಸುವ ಕಿಡ್ನಿಯ ಸೂಕ್ಷ್ಮ ನಳಿಕೆಗಳ ಸ್ಥಿತಿ ತಿಳಿಯಲು ಮೂತ್ರದಲ್ಲಿ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಪುಟ್ಟ ಪ್ರೋಟೀನ್ ನೋಡಿಸಿ. ಬೆಳಗಿನ ಮೊದಲ ಮೂತ್ರ ಬೇಡ: ಆಮ್ಲೀಯ ಮೂತ್ರದಲ್ಲಿ, ಮೂತ್ರಕೋಶದಲ್ಲಿದ್ದಾಗಲೇ ಈ ಪ್ರೋಟೀನ್ ಒಡೆದುಹೋಗುತ್ತದೆ.

ನಾಲ್ಕನೆಯದು ಕಬ್ಬಿಣಾಂಶ. ಅದು ಕಡಿಮೆಯಿದ್ದರೆ ಕರುಳು ಕ್ಯಾಡ್ಮಿಯಂ, ಸೀಸಗಳನ್ನು ಹೆಚ್ಚು ಹೀರುತ್ತದೆ. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ನೋಡಿಸಿ, ವೈದ್ಯರು ಹೇಳಿದರಷ್ಟೇ ಮಾತ್ರೆ. ಮೂಳೆ ಪುಡಿಯಿಂದ ಮಾಡಿದ ಕ್ಯಾಲ್ಸಿಯಂ ಕೊಳ್ಳಬೇಡಿ, ಅದರಲ್ಲೇ ಸೀಸವಿರಬಹುದು.

ಕೀಲೇಶನ್ ಚಿಕಿತ್ಸೆ ಸೀಸದ ಮಟ್ಟ ತೀರಾ ಹೆಚ್ಚಿದ್ದವರಿಗೆ, ಅದೂ ಆಸ್ಪತ್ರೆಯಲ್ಲಿ. ಅದಕ್ಕೆ ಬಳಸುವ ಇಡಿಟಿಎ ಎಂಬ ಮದ್ದು ಮಿತಿಮೀರಿದರೆ ಕಿಡ್ನಿಯನ್ನೇ ಕೆಡಿಸುತ್ತದೆ. ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ ಬದಲು ಬರೀ ಡೈಸೋಡಿಯಂ ಇಡಿಟಿಎ ಹಾಕಿ, ರಕ್ತದ ಕ್ಯಾಲ್ಸಿಯಂ ಕುಸಿದು ಸತ್ತವರಿದ್ದಾರೆ.

ಮೂಲ ತಡೆದ ಮೇಲೆ ರಕ್ತದ ಸೀಸ ಸುಮಾರು ತಿಂಗಳಿಗೆ ಅರ್ಧದಷ್ಟು ಇಳಿಯುತ್ತದೆ. ವರ್ಷಗಟ್ಟಲೆ ಸೀಸದ ಸಂಪರ್ಕದಲ್ಲಿದ್ದವರಲ್ಲಿ ಮೂಳೆಯಿಂದಲೂ ಬಿಡುಗಡೆಯಾಗುವುದರಿಂದ ನಿಧಾನ. ಇಳಿಯುವ ಬದಲು ಏರಿದರೆ, ಮತ್ತೆ ಮೊದಲ ಹೆಜ್ಜೆಗೆ ಹೋಗಿ.