ಅರವಟಿಗೆಯಲ್ಲಿ ಸಿಕ್ಕ ಹುಡುಗರು

ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಯೌವನಸ್ಥರ ಕೂಟ ನೋಡಿಕೊಳ್ಳಲು ಶುರು ಮಾಡಿ ಒಂಬತ್ತು ವರ್ಷ ಆಯಿತು. ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ಹಂಚುವ ಕೆಲಸ. ಜೂನ್‌ನಲ್ಲಿ ನೋಟ್‌ಬುಕ್, ಕ್ರಿಸ್‌ಮಸ್‌ಗೆ ಕಂಬಳಿ. ಪ್ರತಿ ನೋಟ್‌ಬುಕ್ಕಿನೊಳಗೆ ಒಂದು ಸುವಾರ್ತೆಯ ಕರಪತ್ರ ಇಡುತ್ತಿದ್ದೆ. ಓಣಿಯ ಹುಡುಗರು ಸಾಲಲ್ಲಿ ನಿಂತು ತಗೊಂಡು ಹೋಗುತ್ತಿದ್ದರು. ಸಂಜೆ ಗೇಟ್ ಹಾಕಲು ಹೋದರೆ ಕರಪತ್ರಗಳು ಚರಂಡಿ ಪಕ್ಕ ಬಿದ್ದಿರುತ್ತಿದ್ದವು. ಬಗ್ಗಿ ಒಂದೊಂದಾಗಿ ಆರಿಸಿಕೊಂಡು ಬಂದಿದ್ದೇನೆ. ಆಗ ಹುಡುಗರ ಮೇಲೆ ಬೇಜಾರಾಗುತ್ತಿತ್ತು. ಅವರ ಹೆಸರೂ ಕೇಳದೆ ಕೈಗೆ ಕಾಗದ ಕೊಟ್ಟವನು ನಾನು ಅನ್ನೋದು ಹೊಳೆದಿರಲಿಲ್ಲ.

ಮೂರನೇ ವರ್ಷ ಬೇಸಿಗೆಯಲ್ಲಿ ಅರವಟಿಗೆ ಇಟ್ಟೆವು. ನಮ್ಮೂರ ಬಿಸಿಲು ಗೊತ್ತಲ್ವಾ, ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ರಸ್ತೆ ಬದಿ ಚಪ್ಪರ ಹಾಕಿ, ಮರಳು ಹರಡಿ, ಮೂರು ಮಣ್ಣಿನ ಗಡಿಗೆ ಕೂರಿಸಿ, ಒದ್ದೆ ಗೋಣಿಚೀಲ ಸುತ್ತಿದೆವು. ಗೋಣಿ ಒಣಗಿದರೆ ನೀರು ತಣ್ಣಗಿರಲ್ಲ, ಆಗಾಗ ನೀರು ಚಿಮುಕಿಸುತ್ತಲೇ ಇರಬೇಕು. ಮಧ್ಯಾಹ್ನಕ್ಕೆ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ. ಮೂರನೇ ದಿನ ಕೂಟದ ಇಬ್ಬರಿಗೆ ಪರೀಕ್ಷೆ, ಒಬ್ಬನಿಗೆ ಜ್ವರ. ನಾನೊಬ್ಬನೇ ಉಳಿದೆ. 20 ಲೀಟರಿನ ಕ್ಯಾನ್‌ಗಳನ್ನು ಆಟೋದಿಂದ ಇಳಿಸಲಾಗದೆ ಒದ್ದಾಡುತ್ತಿದ್ದೆ. ಜೀನ್ಸ್ ಹೊಲಿಯುವ ಕಡೆ ಕೆಲಸ ಮಾಡುವ ಹುಡುಗನೊಬ್ಬ ನೀರು ಕುಡಿಯಲು ಬಂದಿದ್ದ. “ತಮ್ಮಾ, ಸ್ವಲ್ಪ ಕೈ ಹಚ್ಚಪ್ಪಾ” ಅಂದೆ.

ಹಚ್ಚಿದ. ಗಡಿಗೆ ತುಂಬಿಸಿದ. ಊಟದ ಬಿಡುವು ಮುಗಿಯೋವರೆಗೂ ಲೋಟ ತುಂಬಿ ಕೊಡುತ್ತಾ ನಿಂತ. ಅವನ ಉಗುರಿನ ಅಂಚಲ್ಲೆಲ್ಲ ಜೀನ್ಸಿನ ನೀಲಿ ಕೂತಿತ್ತು. ತಳ್ಳುಗಾಡಿಯ ಅಜ್ಜ ಒಬ್ಬರು ಎರಡು ಲೋಟ ಕುಡಿದು, ಅವನ ತಲೆ ಮುಟ್ಟಿ, “ತಣ್ಣಗಿರಪ್ಪಾ” ಅಂದರು. ಹುಡುಗ ನಾಚಿಕೊಂಡು ನೆಲ ನೋಡಿದ. ಮರುದಿನ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ. ನಾನು ಕರೆದಿರಲಿಲ್ಲ.

ಅವತ್ತು ರಾತ್ರಿ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದೆ. ಎಷ್ಟೋ ಸಲ ಓದಿದ ಭಾಗ. ಯೇಸು ಸ್ವಾಮಿ ಬಾವಿ ಹತ್ತಿರ ಆ ಸಮಾರ್ಯದ ಹೆಂಗಸಿಗೆ ಮೊದಲು ಏನನ್ನೂ ಕೊಡಲಿಲ್ಲ. ಕುಡಿಯೋಕೆ ನೀರು ಕೇಳಿದರು. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆಯನ್ನೇ ಇಟ್ಟುಕೊಳ್ಳದ ಕಾಲ ಅದು. ದೊಡ್ಡ ಮಾತುಕತೆಯೆಲ್ಲ ಆಮೇಲೆ ಬಂತು. ನಮ್ಮ ಬಳ್ಳಾರಿಯಲ್ಲೂ ಹಾಗೇ ಆಯಿತಲ್ಲ. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಮೊದಲು ಇಲ್ಲಿನ ಜನರಿಂದ ಕನ್ನಡ ಕಲಿಯಬೇಕಾಯಿತು. ಪೂರ್ತಿ ಕನ್ನಡ ಬೈಬಲ್ ಬರುವಷ್ಟರಲ್ಲಿ 1831 ಆಗಿತ್ತು.

ಅಲ್ಲಿಂದ ನಮ್ಮ ರೀತಿ ಬದಲಾಯಿತು. ಹುಡುಗರಿಗೆ ಏನು ಕೊಡೋಣ ಅಂತ ಯೋಚಿಸೋದು ಬಿಟ್ಟು, ಅವರಿಂದ ಏನು ಕೇಳೋಣ ಅಂತ ಯೋಚಿಸಿದೆವು. ಮುಂದಿನ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸ ಕಾಲದಲ್ಲಿ ರಕ್ತದಾನ ಶಿಬಿರ ಇಟ್ಟೆವು. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ರಕ್ತ ಕೊಡುವವರು ಕಡಿಮೆ. ಹಾಗಾಗಿ ಆ ಹೊತ್ತು ಸರಿಯಾಗಿತ್ತು. 18 ವರ್ಷ ತುಂಬಿರಬೇಕು, ತೂಕ 45 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಹಿಮೋಗ್ಲೋಬಿನ್ ಸಾಕಷ್ಟಿದೆಯಾ ಅಂತ ನೋಡಲು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಮೈಲುತುತ್ತದ ನೀಲಿ ನೀರಿಗೆ ಬಿಡುತ್ತಾರೆ. ಮುಳುಗಿದರೆ ಸರಿ, ತೇಲಿದರೆ ಬೇಡ. ನಮ್ಮ ಜೀನ್ಸ್ ಹುಡುಗ ಉಸಿರು ಹಿಡಿದು ನೋಡುತ್ತಾ ನಿಂತಿದ್ದ. ಹನಿ ಸೀದಾ ತಳಕ್ಕೆ ಹೋಯಿತು.

ನನ್ನ ಹಾಗೆ ಶಿಬಿರ ಮಾಡುವವರಿಗೆ ಇದೊಂದು ಹೇಳಲೇಬೇಕು. ಹನಿ ತೇಲಿದವರನ್ನು ಹಾಗೇ ಮನೆಗೆ ಕಳಿಸಬೇಡಿ. ನಮ್ಮಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ವಾಪಸ್ ಬಂದರು, ಒಬ್ಬಳು ಅಳೋ ಹಾಗಾಗಿದ್ದಳು. ಹೆಸರು ಬರೆಯೋದು, ಜ್ಯೂಸ್ ಕೊಡೋದು, ಮಲಗಿದವರ ಪಕ್ಕ ಕೂತು ಮಾತಾಡೋದು, ಇದೆಲ್ಲ ಅವರಿಗೇ ವಹಿಸಿದೆವು. ಶಿಬಿರ ನಡೆಸಿದ್ದೇ ಅವರು.

2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾನೂನು ಬಂದಾಗ ಸಭೆಯ ಕೆಲವು ಹಿರಿಯರು ಹೆದರಿ, ಎಲ್ಲ ನಿಲ್ಲಿಸೋಣ ಅಂದರು. ಅಷ್ಟು ಹೊತ್ತಿಗೆ ನಾವು ಕರಪತ್ರ ಇಡೋದು ಬಿಟ್ಟು ಎಷ್ಟೋ ದಿನ ಆಗಿತ್ತು. ನೀರಿಗೆ, ರಕ್ತಕ್ಕೆ ಯಾವ ಷರತ್ತೂ ಇರಲಿಲ್ಲ, ಈಗಲೂ ಇಲ್ಲ. ಅದೇ ಹಿರಿಯರು ಇನ್ನೊಂದು ದಿನ, “ಇಷ್ಟು ಮಾಡಿ ಆರಾಧನೆಗೆ ಎಷ್ಟು ಜನ ಬಂದ್ರು?” ಅಂತ ಲೆಕ್ಕ ಕೇಳಿದರು. ಆ ಮಾತು ನೋವು ಕೊಟ್ಟಿತು. ಈ ಹುಡುಗರು ಯೇಸುವನ್ನು ತಿಳಿಯಬೇಕು ಅನ್ನೋ ಆಸೆ ನನಗೆ ಯಾರಿಗಿಂತಲೂ ಕಡಿಮೆ ಇಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತೇನೆ. ಆದರೆ ಒಂದು ಲೋಟ ನೀರಿನ ಹಿಂದೆ ಹಾಜರಿ ಪುಸ್ತಕ ಹಿಡಿದು ಓಡಲು ನನ್ನಿಂದ ಆಗಲ್ಲ.

ಅವರು ಕೇಳಿದಾಗ ಹೇಳುತ್ತೇನೆ. ರಕ್ತ ಕೊಟ್ಟು ಮಲಗಿದ್ದ ಆ ಹುಡುಗನೇ ಕೇಳಿದ: “ಅಣ್ಣಾ, ಇದರಿಂದ ನಿಮಗೇನು ಸಿಗ್ತದೆ?” ನನಗಾಗಿ ಒಬ್ಬರು ರಕ್ತ ಸುರಿಸಿದ್ದಾರೆ ಅಂತ ನಾನು ನಂಬಿದ್ದೇನೆ, ಅದಕ್ಕೆ ಸುಮ್ನೆ ಕೂರಲು ಆಗಲ್ಲ ಅಂದೆ. ಐದು ನಿಮಿಷ ಮಾತಾಡಿರಬಹುದು. ಅವನು ಜ್ಯೂಸ್ ಕುಡಿದು, ಕೈಯ ಹತ್ತಿ ಒತ್ತಿಕೊಂಡು, “ಮತ್ತೆ ಯಾವಾಗ ಕೊಡಬಹುದು?” ಅಂದ. ಗಂಡಸರಿಗೆ 90 ದಿನ ಅಂದೆ.

ಕೆಲವು ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ, ಕೆಲವು ಭಾನುವಾರ ಬರಲ್ಲ. ಈ ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದ. “ಅಣ್ಣಾ, ಮರಳು ತರಿಸಿದೀನಿ. ಗಡಿಗೆ ಎಲ್ಲಿಟ್ಟಿದೀರಿ?”