ಅಕ್ಕಿ ತಿನ್ನೋ ಚಟ ಮತ್ತು ನನ್ನ 8.6

ಅಕ್ಕಿ ತೊಳೆಯುವಾಗ ಬಾಯಿಗೆ ಹಾಕಿಕೊಳ್ಳುವ ಚಟ ನನಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಮೊದಲು ನಾಲ್ಕು ಕಾಳು, ಆಮೇಲೆ ಒಂದು ಹಿಡಿ. ಮಕ್ಕಳ ಕೈಯಲ್ಲಿ ಬಳಪ ಕಂಡರೆ ಬಾಯಲ್ಲಿ ನೀರು. ನಲವತ್ತಮೂರು ವರ್ಷದ ಟೀಚರ್‌ಗೆ ಬಳಪ ಕಡೀಬೇಕು ಅನ್ನಿಸುತ್ತೆ ಅಂತ ಯಾರ ಹತ್ರ ಹೇಳೋದು? ಅತ್ತೆ ಒಂದು ದಿನ ನೋಡಿಬಿಟ್ಟರು. "ಬಸುರಿ ಹಂಗೆ ಅಕ್ಕಿ ತಿಂತೀಯಲ್ಲೇ, ಮೈಯಲ್ಲಿ ರಕ್ತ ಇಲ್ಲ ಕಣೇ ನಿಂಗೆ" ಅಂದರು. ನಾನು ನಕ್ಕು ಸುಮ್ಮನಾದೆ.

ಸುಸ್ತಂತೂ ಇತ್ತು. ಹತ್ತನೇ ತರಗತಿ ಮಹಡಿ ಮೇಲೆ. ಮೆಟ್ಟಿಲಿನ ತಿರುವಿನಲ್ಲಿ ನಿಂತು, ಹಾಜರಿ ಪುಸ್ತಕದಲ್ಲಿ ಏನೋ ಹುಡುಕುವವಳ ಹಾಗೆ ನಟಿಸಿ, ಏದುಸಿರು ಇಳಿದ ಮೇಲೆ ಉಳಿದ ಮೆಟ್ಟಿಲು ಹತ್ತುತ್ತಿದ್ದೆ. ವಯಸ್ಸಾಯಿತು, ಮನೆಗೆಲಸ ಜಾಸ್ತಿ, ಎಸ್‌ಎಸ್‌ಎಲ್‌ಸಿ ಟೆನ್ಷನ್ ಅಂತ ಕಾರಣಗಳು ಸಾಲಾಗಿ ಸಿಗುತ್ತಿದ್ದವು. ಮೆಡಿಕಲ್ ಶಾಪಿನಿಂದ ಒಂದು ಟಾನಿಕ್, ಒಂದು ಮಲ್ಟಿವಿಟಮಿನ್ ತಂದೆ. ಏನೂ ಆಗಲಿಲ್ಲ. ಆಮೇಲೆ ಊರವರೆಲ್ಲ ಮಾಡುವ ಕೆಲಸ ನಾನೂ ಮಾಡಿದೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬಂದೆ. ಒಂದು ಸಂಜೆ ಹಾಯೆನಿಸಿತು, ಅಷ್ಟೇ. ಆ ಅರ್ಧ ಲೀಟರ್ 5 ಪರ್ಸೆಂಟ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ ಅಂತ ಆಮೇಲೆ ಲೆಕ್ಕ ಹಾಕಿದೆ. ಐದಾರು ಚಮಚ! ಒಂದು ಲೋಟ ಪಾನಕ ಕುಡಿದಿದ್ದರೆ ಸಾಕಿತ್ತು.

ಕೊನೆಗೆ ತೋರಿಸಿದ ಡಾಕ್ಟರಮ್ಮ ನನ್ನ ಕೆಳಗಿನ ರೆಪ್ಪೆ ಎಳೆದು ನೋಡಿ ಮೊದಲು ಕೇಳಿದ್ದೇ, "ಅಕ್ಕಿ, ಮಣ್ಣು, ಐಸು ಏನಾದ್ರೂ ತಿನ್ನಬೇಕು ಅನ್ಸುತ್ತಾ ಟೀಚರೇ?" ಕಳ್ಳತನ ಸಿಕ್ಕಿಬಿದ್ದ ಹಾಗಾಯಿತು. ಮೈಯಲ್ಲಿ ಕಬ್ಬಿಣ ತೀರಿದಾಗ ಕೆಲವರಿಗೆ ಹೀಗೆ ಆಗುತ್ತದಂತೆ. ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12 ಆದರೂ ಇರಬೇಕು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವ ಫೆರಿಟಿನ್ 6. ಹಿಮೋಗ್ಲೋಬಿನ್ ಅಂದರೆ ಅಡುಗೆಮನೆ ಡಬ್ಬಿಯ ಅಕ್ಕಿ, ಫೆರಿಟಿನ್ ಅಂದರೆ ಕಣಜದ ಲೆಕ್ಕ. ನನ್ನ ಕಣಜ ಗುಡಿಸಿ ಇಟ್ಟಿತ್ತು. ಬಿ12 ಕೂಡ 168, ಕಮ್ಮಿಯೇ. ನಾವು ಮಾಂಸ ಮೊಟ್ಟೆ ತಿನ್ನುವವರಲ್ಲ, ಅದಕ್ಕೂ ಮಾತ್ರೆ ಬರೆದರು. ಥೈರಾಯ್ಡ್ ಸರಿ ಇತ್ತು.

ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ನಮ್ಮ ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಹಂಚುವ ಜವಾಬ್ದಾರಿ ನನ್ನದೇ. 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆ್ಯಸಿಡ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ಪೋಷಕರ ಸಭೆಯಲ್ಲಿ ಓದಿ ಹೇಳಿದವಳೂ ನಾನೇ. ಆ ಅರ್ಧದಲ್ಲಿ ನನ್ನನ್ನು ಎಣಿಸಿಕೊಂಡಿರಲಿಲ್ಲ.

ದಿನಕ್ಕೊಂದು ಫೆರಸ್ ಆಸ್ಕಾರ್ಬೇಟ್ ಮಾತ್ರೆ ಶುರುವಾಯಿತು. ಒಂದು ತಿಂಗಳು ಬಿಡದೆ ನುಂಗಿದೆ. ಮಲ ಇದ್ದಿಲಿನ ಹಾಗೆ ಕಪ್ಪಾಯಿತು. ಡಾಕ್ಟರು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಮಲಬದ್ಧತೆ ಬೇರೆ. ತಿಂಗಳಾದ ಮೇಲೆ ರಕ್ತ ಕೊಟ್ಟರೆ 8.8. ಬರೀ 0.2! ಒಂದಾದರೂ ಏರಬೇಕಿತ್ತು. ಡಾಕ್ಟರು ಬೈಯಲಿಲ್ಲ, "ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ, ಹೇಳಿ" ಅಂದರು.

ಹೇಳುತ್ತಾ ಹೋದ ಹಾಗೆ ನನಗೇ ಗೊತ್ತಾಯಿತು. ಎಂಟೂವರೆಗೆ ತಿಂಡಿ. ತಟ್ಟೆ ಪಕ್ಕದಲ್ಲಿ ಎರಡು ಮಾತ್ರೆ, ಕಬ್ಬಿಣದ್ದೊಂದು, ಮೊದಲಿಂದ ತಿನ್ನುತ್ತಿದ್ದ ಕ್ಯಾಲ್ಸಿಯಂದೊಂದು. ನೀರಲ್ಲಿ ನುಂಗಿ, ಬಾಯಿಯ ತುಕ್ಕಿನ ರುಚಿ ಹೋಗಲಿ ಅಂತ ಕೂಡಲೇ ಸ್ಟೀಲ್ ಲೋಟದ ತುಂಬ ಫಿಲ್ಟರ್ ಕಾಫಿ. ಕಾಫಿ, ಟೀ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಟ್ಟು ಹೊರಗೆ ಕಳಿಸುತ್ತವೆ. ಕ್ಯಾಲ್ಸಿಯಂ ಕೂಡ ಅಡ್ಡ ನಿಲ್ಲುತ್ತದೆ. ದುಡ್ಡು ಕೊಟ್ಟು ತಂದ ಮಾತ್ರೆಯ ಬಹುಪಾಲು ನನ್ನ ಕಾಫಿಗೇ ಹೋಗುತ್ತಿತ್ತು.

ಆವತ್ತಿನಿಂದ ಹೊಸ ವೇಳಾಪಟ್ಟಿ. ಕಬ್ಬಿಣದ ಮಾತ್ರೆ ಬೆಳಿಗ್ಗೆ ಆರಕ್ಕೆ, ಖಾಲಿ ಹೊಟ್ಟೆಗೆ, ನಿಂಬೆಹಣ್ಣು ಹಿಂಡಿದ ನೀರಿನ ಜೊತೆ. ಕಾಫಿ ಎಂಟಕ್ಕೆ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ. ಆ ಎರಡು ಗಂಟೆ ಕಾಫಿ ಇಲ್ಲದೆ ಕಳೆಯೋದು ರಕ್ತಹೀನತೆಗಿಂತ ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ನಾಲ್ಕೇ ದಿನಕ್ಕೆ ವಾಕರಿಕೆ ಶುರುವಾಯಿತು. ಡಾಕ್ಟರು ದಿನ ಬಿಟ್ಟು ದಿನ ತಗೊಳ್ಳಿ ಅಂದರು. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಸುಮಾರು ಒಂದು ದಿನ ಬಾಗಿಲು ಮುಚ್ಚುತ್ತದಂತೆ, ಆಗ ಇನ್ನೊಂದು ನುಂಗಿದರೆ ಸೇರೋದು ಕಮ್ಮಿ. ವಾಕರಿಕೆ ನಿಂತಿತು. ಮಲಬದ್ಧತೆಗೆ ನೆನೆಸಿದ ಒಣದ್ರಾಕ್ಷಿ.

ಮೊದಲು ಹೋಗಿದ್ದು ಅಕ್ಕಿಯ ಆಸೆ. ಎರಡು ವಾರಕ್ಕೆ ಅಕ್ಕಿ ಬರೀ ಅಕ್ಕಿಯಾಯಿತು. ಮುಂದಿನ ತಿಂಗಳು 10.1.

ಊಟದಲ್ಲೂ ಸ್ವಲ್ಪ ಬದಲಾಯಿಸಿಕೊಂಡೆ. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಬರಲ್ಲ, ಅದರಲ್ಲಿರೋ ಕಬ್ಬಿಣ ತೀರಾ ಕಮ್ಮಿ. ಹುರುಳಿಕಾಳು, ಹರಿವೆ ಸೊಪ್ಪು ಮಾಡಿದಾಗ ನಿಂಬೆ ಹಿಂಡೋದು, ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸೋದು ರೂಢಿಯಾಯಿತು. ಆದರೆ 8.6ರಿಂದ ಬರೀ ಸೊಪ್ಪು ತಿಂದು ಮೇಲೆ ಬರೋದು ಆಗದ ಮಾತು.

ನಿಜವಾದ ಪ್ರಶ್ನೆ ಕಬ್ಬಿಣ ಹೋಗಿದ್ದೆಲ್ಲಿಗೆ ಅನ್ನೋದು. ಮೂರು ವರ್ಷದಿಂದ ಮುಟ್ಟಿನಲ್ಲಿ ಎರಡು ಗಂಟೆಗೊಂದು ಪ್ಯಾಡ್ ಬದಲಾಯಿಸುತ್ತಿದ್ದೆ. ಈ ವಯಸ್ಸಿಗೆ ಹೀಗೇ ಅಂತ ಎಲ್ಲರೂ ಅಂದಿದ್ದರು, ನಾನೂ ನಂಬಿದ್ದೆ. ಸ್ಕ್ಯಾನ್ ಮಾಡಿದರೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ. ಸ್ರಾವ ಜಾಸ್ತಿ ಇರುವ ಮೂರು ದಿನಕ್ಕೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಕೊಟ್ಟರು, ಸ್ರಾವ ಎದ್ದು ಕಾಣುವಷ್ಟು ಕಮ್ಮಿಯಾಯಿತು. ರಕ್ತ ಹೆಪ್ಪುಗಟ್ಟಿದ ತೊಂದರೆ ಹಿಂದೆ ಆದವರಿಗೆ ಅದನ್ನು ಕೊಡುವುದಿಲ್ಲ, ಹಾಗಾಗಿ ಕೇಳದೆ ತಗೊಳ್ಳಬೇಡಿ. ಗಂಡಸರಿಗೋ ಮುಟ್ಟು ನಿಂತವರಿಗೋ ಕಬ್ಬಿಣ ಕಮ್ಮಿ ಬಂದರೆ ಹೊಟ್ಟೆ ಕರುಳಲ್ಲಿ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕಂತೆ.

ನನ್ನ ಚೇತರಿಕೆ ನೋಡಿ ಸ್ಟಾಫ್ ರೂಮಿನ ಪಿಟಿ ಮಾಸ್ಟರು "ಮೇಡಂ, ಆ ಮಾತ್ರೆ ಹೆಸರು ಬರ್ಕೊಡಿ, ನಂಗೂ ಸುಸ್ತು" ಅಂದರು. ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದೆ. ಅವರ ಹಿಮೋಗ್ಲೋಬಿನ್ 15. ಬೇಡದ ಕಬ್ಬಿಣ ಮೈಯಿಂದ ಸುಲಭವಾಗಿ ಹೊರಗೆ ಹೋಗುವುದಿಲ್ಲ, ಲಿವರ್‌ನಲ್ಲಿ ಕೂರುತ್ತದೆ. ಅವರದ್ದು ರಾತ್ರಿ ಗೊರಕೆ ಹೊಡೆಯುತ್ತಾ ಮಧ್ಯೆ ಮಧ್ಯೆ ಉಸಿರು ಕಟ್ಟುವ ತೊಂದರೆ ಅಂತ ಆಮೇಲೆ ಗೊತ್ತಾಯಿತು.

ನನಗೆ ಐದನೇ ತಿಂಗಳಿಗೆ 12.4 ಬಂತು. ಅಲ್ಲಿಗೆ ನಿಲ್ಲಿಸೋಣ ಅಂದುಕೊಂಡಿದ್ದೆ. ಕಣಜ ತುಂಬಲಿ, ಇನ್ನೂ ಮೂರು ತಿಂಗಳು ಅಂದರು. ಈಗ ಫೆರಿಟಿನ್ 41. ಗಡ್ಡೆ ತೆಗೆಸೋದಾ, ಹೀಗೇ ಮಾತ್ರೆಯಲ್ಲೇ ನೋಡಿಕೊಳ್ಳೋದಾ ಅಂತ ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಯಲ್ಲಿ ತೀರ್ಮಾನಿಸಬೇಕು. ಹೋದ ವಾರ ನೀಲಿ ಮಾತ್ರೆ ಹಂಚುವಾಗ, "ಇದನ್ನ ನುಂಗಿ ಮನೆಗೆ ಹೋದ ತಕ್ಷಣ ಟೀ ಕುಡಿಯೋರು ಯಾರು?" ಅಂತ ಕೇಳಿದೆ. ಹಿಂದಿನ ಬೆಂಚಿನ ಮೂವರನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಆ ಮೂವರಲ್ಲಿ ಒಬ್ಬಳು ಎದ್ದು, "ನಾನು ಕಾಫಿ ಮಿಸ್" ಅಂದಳು.