ಮೈಕ್ರೊವೇವ್ ಮತ್ತು ಮಗುವಿನ ಹಾಲು: ನಮ್ಮ ಮನೆಯಲ್ಲಿ ಮಾಡಿಕೊಂಡ ಕ್ರಮ

ನಮ್ಮ ಮನೆಯ ಮೈಕ್ರೊವೇವ್‌ನಲ್ಲಿ ದೊಡ್ಡವರ ಊಟ ಬಿಸಿಯಾಗುತ್ತದೆ, ಮಗುವಿನ ಹಾಲಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಇದನ್ನು ಹೇಳಿದ ಕೂಡಲೇ ಕೇಳಿದವರು ‘ರೇಡಿಯೇಷನ್ ಭಯವೇ?’ ಎನ್ನುತ್ತಾರೆ. ಅಲ್ಲವೇ ಅಲ್ಲ. ಎಷ್ಟೋ ಮನೆಗಳಲ್ಲಿ ಹೆದರಬೇಕಾದ ಕಡೆ ಧೈರ್ಯವಾಗಿದ್ದು, ಹೆದರಬೇಕಿಲ್ಲದ ಕಡೆ ನಡುಗುತ್ತಿರುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಹೆರಿಗೆ ರಜೆ ಮುಗಿದು ಬೆಳಗಿನ ರೈಲು ಹಿಡಿಯತೊಡಗಿದಾಗ ಮಗಳ ಹಗಲಿನ ಜವಾಬ್ದಾರಿ ಅತ್ತೆ ಮಾವನವರದಾಯಿತು. ಎದೆಹಾಲನ್ನು ಹಿಂಡಿ ಸಣ್ಣ ಡಬ್ಬಿಗಳಲ್ಲಿ ಫ್ರಿಜ್‌ನಲ್ಲಿಟ್ಟು ಹೋಗುತ್ತಿದ್ದೆ. ಮಗು ಅಳುವಾಗ ಆ ತಣ್ಣನೆಯ ಹಾಲು ಬೇಗ ಬೆಚ್ಚಗಾಗಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಮೈಕ್ರೊವೇವ್ ಇದೆ, ಒಂದು ಗುಂಡಿ ಒತ್ತಿದರೆ ಸಾಕು. ಹಾಗಾಗಿ ನಾನು ಶಾಲೆಗೆ ಮರಳುವ ಮೊದಲೇ ಈ ಮಾತು ಇತ್ಯರ್ಥವಾಗಬೇಕಿತ್ತು.

ಮಾವನವರ ಆತಂಕ ಬೇರೆಯದಿತ್ತು. “ಅದು ಓಡುವಾಗ ಮಗುವನ್ನು ಎತ್ತಿಕೊಂಡು ಹತ್ತಿರ ನಿಲ್ಲಬೇಡಮ್ಮ” ಎಂದು ನನಗೆ ಹೇಳುತ್ತಲೇ ಇದ್ದರು. ಒಂದು ಭಾನುವಾರ ಅವರ ಜೊತೆ ಕುಳಿತು ಬಾಗಿಲನ್ನು ತೆರೆದು ತೋರಿಸಿದೆ. ಗಾಜಿನ ಹಿಂದೆ ಲೋಹದ ಜಾಲರಿ ಇದೆ. ಒಳಗಿನ ತರಂಗಗಳ ಆವರ್ತನ 2450 ಮೆಗಾಹರ್ಟ್ಸ್, ಉದ್ದ ಸುಮಾರು 12 ಸೆಂಟಿಮೀಟರ್. ಜಾಲರಿಯ ತೂತುಗಳು ಅದರ ಮುಂದೆ ಏನೂ ಅಲ್ಲವಾದ್ದರಿಂದ ತರಂಗ ಹೊರಗೆ ನುಗ್ಗುವುದಿಲ್ಲ. ಅಷ್ಟಿಷ್ಟು ಸೋರಿದರೂ ಅದಕ್ಕೆ ಮಿತಿ ಗೊತ್ತುಮಾಡಿದ್ದಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ (ಎಫ್‌ಡಿಎ) ನಿಯಮದಂತೆ, ಒಲೆಯ ಇಡೀ ಆಯುಷ್ಯದಲ್ಲಿ ಅದರ ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದು. ದೂರ ಹೆಚ್ಚಿದಂತೆ ಅದು ಇನ್ನೂ ವೇಗವಾಗಿ ಇಳಿಯುತ್ತದೆ.

“ಹಾಗಾದರೆ ಅನ್ನದ ಒಳಗೆ ಉಳಿಯುವುದು?” ಎಂದು ಕೇಳಿದರು. ಏನೂ ಉಳಿಯುವುದಿಲ್ಲ. ಸ್ವಿಚ್ ಆರಿಸಿದ ಮೇಲೆ ದೀಪದ ಬೆಳಕು ಕೋಣೆಯಲ್ಲಿ ಉಳಿಯದ ಹಾಗೆ. ಈ ತರಂಗ ಎಕ್ಸ್‌ರೇ ಜಾತಿಯದಲ್ಲ. ಅಣುಗಳನ್ನು ಒಡೆಯುವಷ್ಟು ಶಕ್ತಿ ಅದಕ್ಕಿಲ್ಲ. ನೀರಿನ ಅಣುಗಳನ್ನು ಅತ್ತಿತ್ತ ತಿರುಗಿಸಿ ಬಿಸಿ ಹುಟ್ಟಿಸುತ್ತದೆ, ಅಷ್ಟೇ. ಕಡಿಮೆ ನೀರಿನಲ್ಲಿ, ಕಡಿಮೆ ಹೊತ್ತಿನಲ್ಲಿ ಬೇಯುವುದರಿಂದ ತರಕಾರಿಯ ಸಿ ಜೀವಸತ್ವ ನೀರಿನಲ್ಲಿ ಕುದಿಸಿ ಬಸಿಯುವುದಕ್ಕಿಂತ ಹೆಚ್ಚಾಗಿಯೇ ಉಳಿಯುತ್ತದೆ. ಮೊಬೈಲನ್ನು ಒಳಗಿಟ್ಟು ಕರೆ ಮಾಡಿ, ರಿಂಗಾದರೆ ಒಲೆ ಸೋರುತ್ತಿದೆ ಎನ್ನುವ ಪರೀಕ್ಷೆಯನ್ನೂ ಮಾವ ಎಲ್ಲೋ ಕೇಳಿದ್ದರು. ಅತಿ ಕ್ಷೀಣ ಸಂಕೇತವನ್ನೂ ಹಿಡಿಯುವಂತೆ ಮಾಡಿದ ಸಾಧನ ಮೊಬೈಲ್. ಅದು ರಿಂಗಾಗುವುದರಿಂದ ಅಪಾಯಕರ ಸೋರಿಕೆ ಇದೆಯೆಂದು ತಿಳಿಯುವುದಿಲ್ಲ. ಬಾಗಿಲು ಸರಿಯಾಗಿ ಕೂರುತ್ತದೆಯೇ, ಅಂಚಿನಲ್ಲಿ ಜಿಡ್ಡು ಕಟ್ಟಿದೆಯೇ, ಕೀಲು ಸಡಿಲವಾಗಿದೆಯೇ ಎಂದು ನೋಡಿಕೊಳ್ಳುವುದು ಹೆಚ್ಚು ಉಪಯೋಗ.

ನಿಜವಾದ ತೊಂದರೆ ಏನೆಂದು ಅತ್ತೆಯವರಿಗೆ ತೋರಿಸಲು ಹಪ್ಪಳ ಬಳಸಿದೆ. ಇದನ್ನು ಶಾಲೆಯ ಮಕ್ಕಳಿಗೂ ಮಾಡಿ ತೋರಿಸುತ್ತೇನೆ. ಒಳಗಿನ ತಟ್ಟೆ ತಿರುಗದಂತೆ ಚಕ್ರ ತೆಗೆದು, ಉದ್ದಿನ ಹಪ್ಪಳಗಳನ್ನು ಹರಡಿ, ಕೆಲವು ಸೆಕೆಂಡು ಓಡಿಸಿದರೆ ಸಾಕು. ಹಪ್ಪಳ ಒಂದೇ ಸಮನಾಗಿ ಅರಳುವುದಿಲ್ಲ. ಅಲ್ಲಲ್ಲಿ ಬೊಬ್ಬೆ ಎದ್ದು ಬೆಳ್ಳಗಾಗಿರುತ್ತದೆ, ನಡುವೆ ಹಸಿಯಾಗಿಯೇ ಇರುತ್ತದೆ. ಬೊಬ್ಬೆ ಎದ್ದ ಜಾಗಗಳ ನಡುವಿನ ಅಂತರ ಹೆಚ್ಚುಕಡಿಮೆ 6 ಸೆಂಟಿಮೀಟರ್, ಅಂದರೆ ತರಂಗದ ಉದ್ದದ ಅರ್ಧ. ತಟ್ಟೆ ತಿರುಗುವಾಗ ಈ ವ್ಯತ್ಯಾಸ ತಗ್ಗುತ್ತದೆ, ಹೋಗುವುದಿಲ್ಲ. “ಹಾಲಿನಲ್ಲೂ ಹೀಗೆಯೇ ಆಗುತ್ತದೆ ಅತ್ತೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ” ಎಂದೆ. ಅವರು ಹಪ್ಪಳವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಬಾಟಲಿಯಲ್ಲಿ ಇನ್ನೊಂದು ಮೋಸವಿದೆ. ಗ್ಯಾಸ್ ಒಲೆಯಲ್ಲಿ ಪಾತ್ರೆ ಮೊದಲು ಕಾಯುತ್ತದೆ, ಆಮೇಲೆ ಹಾಲು. ಮೈಕ್ರೊವೇವ್‌ನಲ್ಲಿ ಹಾಲು ಕಾಯುತ್ತದೆ, ಬಾಟಲಿ ಉಗುರುಬೆಚ್ಚಗಷ್ಟೇ ಇರುತ್ತದೆ. ಹೊರಗೆ ಮುಟ್ಟಿ ನೋಡಿ ‘ಸರಿಯಾಗಿದೆ’ ಎಂದು ಬಾಯಿಗಿಟ್ಟರೆ, ಒಳಗಿನ ಬಿಸಿ ಹಾಲು ಕೂಸಿನ ಬಾಯಿಯನ್ನೂ ಗಂಟಲನ್ನೂ ಸುಡಬಹುದು. ಅಲುಗಾಡಿಸಿದರೆ ಬಿಸಿ ಹರಡುತ್ತದೆ, ನಿಜ. ಆದರೆ ಮಗು ಚೀರುತ್ತಿರುವಾಗ, ಫೋನು ಬಾರಿಸುತ್ತಿರುವಾಗ ಸರಿಯಾಗಿ ಅಲುಗಾಡಿಸಿದೆವೇ ಎಂದು ಯಾರು ಖಾತ್ರಿ ಹೇಳಬಲ್ಲರು? ಒಂದು ಸಲದ ಮರೆವಿಗೆ ಮಗು ಸುಟ್ಟುಕೊಳ್ಳುವ ಕ್ರಮ ನನಗೆ ಬೇಡ. ಎದೆಹಾಲಿಗೆ ಇನ್ನೊಂದು ನಷ್ಟವೂ ಇದೆ. ಎದೆಹಾಲನ್ನು ಮೈಕ್ರೊವೇವ್‌ನಲ್ಲಿ 72 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿದಾಗ ಸೋಂಕು ತಡೆಯುವ ಲೈಸೊಜೈಮ್, ಐಜಿಎ ಮುಂತಾದ ಅಂಶಗಳು ಬಹಳವಾಗಿ ಕುಂದುವುದನ್ನು 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಷ್ಟು ಕಷ್ಟಪಟ್ಟು ಹಿಂಡಿಟ್ಟ ಹಾಲಿನ ಸತ್ವವನ್ನು ನಾವೇ ಏಕೆ ಕಳೆಯಬೇಕು?

ನಾವು ಮಾಡಿಕೊಂಡ ಕ್ರಮ ಬಹಳ ಸರಳ. ಬೆಳಿಗ್ಗೆಯೇ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಡುವುದು. ಹಾಲು ಬೇಕಾದಾಗ ಸ್ಟೀಲ್ ಪಾತ್ರೆಯಲ್ಲಿ ಆ ನೀರಿಗೆ ತಣ್ಣೀರು ಬೆರೆಸಿ, ಕೈ ತಾಳುವಷ್ಟು ಬಿಸಿಯಿರುವಾಗ ಹಾಲಿನ ಡಬ್ಬಿಯನ್ನು ಅದರಲ್ಲಿ ನಿಲ್ಲಿಸುವುದು. ಸ್ವಲ್ಪ ಹೊತ್ತಿನಲ್ಲಿ ಹಾಲು ಮೈಯ ಬಿಸಿಗೆ ಬರುತ್ತದೆ. ಮೇಲೆ ಕೆನೆ ಕಟ್ಟಿದ್ದರೆ ಮೆಲ್ಲಗೆ ಸುತ್ತಿಸಿ ಬೆರೆಸಿ, ಮಣಿಕಟ್ಟಿನ ಒಳಭಾಗದ ಮೇಲೆ ಎರಡು ಹನಿ ಬಿಟ್ಟುಕೊಂಡು ನೋಡುತ್ತೇವೆ. ಮಗು ಹಸಿವಿನಿಂದ ಎದ್ದ ಮೇಲೆ ಶುರುಮಾಡುವ ಬದಲು, ಅವಳು ಮೈಮುರಿಯತೊಡಗಿದಾಗಲೇ ಹಾಲನ್ನು ನೀರಿಗಿಡುವ ಅಭ್ಯಾಸವನ್ನು ಅತ್ತೆ ತಾವೇ ಮಾಡಿಕೊಂಡರು. ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆ ದಾಟಿದರೆ ಚೆಲ್ಲುತ್ತೇವೆ, ಮತ್ತೆ ಬಿಸಿ ಮಾಡುವುದಿಲ್ಲ. ಫ್ರಿಜ್‌ನಲ್ಲಿ ಎದೆಹಾಲು ನಾಲ್ಕು ದಿನದವರೆಗೆ ಇರುತ್ತದೆ. ಡಬ್ಬಿಯ ಮೇಲೆ ದಿನಾಂಕ ಬರೆದಿಟ್ಟರೆ ಹಳೆಯದು ಮೊದಲು ಖರ್ಚಾಗುತ್ತದೆ.

ಕುಡಿಸಲು ಅತ್ತೆಯವರು ತಮ್ಮ ಕಾಲದ ಬೆಳ್ಳಿಯ ಒಳಲೆಯನ್ನೇ ತೆಗೆದರು. ಬಾಟಲಿಯ ಮೂಲೆ, ನಿಪ್ಪಲ್ಲಿನ ತೂತು ಎಂದು ಉಜ್ಜುವ ಗೋಜಿಲ್ಲ. ತೆರೆದ ಪಾತ್ರೆ, ತೊಳೆದು ಕುದಿಸಿದರೆ ಮುಗಿಯಿತು. ಹಾಲು ಬಿಸಿಯಿದೆಯೇ ಎಂದು ಹಿಡಿದ ಬೆರಳಿಗೇ ತಿಳಿಯುತ್ತದೆ. ಬಾಟಲಿಗಿಂತ ಬಟ್ಟಲು, ಒಳಲೆಗಳಿಗೆ ಮಕ್ಕಳ ವೈದ್ಯರು ಏಕೆ ಮಹತ್ವ ಕೊಡುತ್ತಾರೆ ಎಂಬುದು ಅದನ್ನು ಬಳಸಿದಾಗ ನನಗೆ ಮನದಟ್ಟಾಯಿತು.

ಪುಡಿ ಹಾಲು ಕೊಡುವ ಮನೆಗಳಿಗೆ ಒಂದು ಮಾತು. ಪುಡಿ ಹಾಲು ಸಂಪೂರ್ಣ ಕ್ರಿಮಿರಹಿತವಲ್ಲ. ಅದರಲ್ಲಿರಬಹುದಾದ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಎಳೆಗೂಸುಗಳಿಗೆ ಮಾರಕವಾಗಬಲ್ಲದು. ಆದ್ದರಿಂದಲೇ 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಆಮೇಲೆ ಆರಿಸಿ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಅಷ್ಟು ಬಿಸಿ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ಸುರಿದು ಅಲುಗಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಪಾಲಿಪ್ರೊಪಿಲೀನ್ ಬಾಟಲಿಗಳು ಹೀಗೆ ಮಾಡಿದಾಗ ಲೀಟರಿಗೆ 1.6 ಕೋಟಿಯಷ್ಟು ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಬಿಡಬಲ್ಲವು ಎಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಮಗುವಿನ ಆರೋಗ್ಯದ ಮೇಲೆ ಅದರ ಪರಿಣಾಮ ಏನೆಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ತಪ್ಪಿಸುವ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಕುದಿಸಿ ತೆಗೆದ ಸ್ಟೀಲ್ ಪಾತ್ರೆಯಲ್ಲಿ ಕಲಸಿ, ತಣ್ಣೀರಿನಲ್ಲಿಟ್ಟು ಆರಿಸಿ, ಬೆಚ್ಚಗಾದ ಮೇಲೆ ಬಾಟಲಿಗೆ ಹಾಕಿದರಾಯಿತು. ಬಿಪಿಎ (ಬಿಸ್ಫೆನಾಲ್ ಎ) ಎಂಬ ರಾಸಾಯನಿಕ ಇರುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಭಾರತೀಯ ಮಾನಕ ಬ್ಯೂರೊ 2015ರ ಮಾನದಂಡದಲ್ಲಿ ಹಾಲಿನ ಬಾಟಲಿಗಳಿಂದ ಹೊರಗಿಟ್ಟಿದೆ. ಅಣ್ಣ ಅಕ್ಕಂದಿರ ಮಕ್ಕಳಿಂದ ಬಂದ ಹಳೆಯ ಬಾಟಲಿ ಎಷ್ಟು ಗಟ್ಟಿಯಾಗಿದ್ದರೂ ಇದೇ ಕಾರಣಕ್ಕೆ ಬಳಸಬೇಡಿ.

ಖಾಲಿ ಬಾಟಲಿಯನ್ನು ಮೈಕ್ರೊವೇವ್‌ನಲ್ಲಿ ಹಬೆಯಿಂದ ಶುದ್ಧಗೊಳಿಸುವುದು ಬೇರೆಯೇ ಸಂಗತಿ. ಅದಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿ ಹೇಳಿದಷ್ಟು ನೀರು ಹಾಕಿ, ಬಾಟಲಿಯ ಮುಚ್ಚಳ ಬಿಚ್ಚಿಟ್ಟು ಮಾಡಿದರೆ ತಪ್ಪಿಲ್ಲ. ನಾನು ದೊಡ್ಡ ಪಾತ್ರೆಯಲ್ಲಿ ಕುದಿಸುವುದನ್ನೇ ಮುಂದುವರಿಸಿದೆ.

ದೊಡ್ಡವರ ಊಟದಲ್ಲಿ ನಾನು ಕಟ್ಟುನಿಟ್ಟಾಗಿರುವುದು ಪಾತ್ರೆಯ ವಿಷಯದಲ್ಲಿ. ಗಾಜು, ಪಿಂಗಾಣಿ ಮಾತ್ರ. ಅದರಲ್ಲೂ ಚಿನ್ನದ ಅಂಚಿದ್ದರೆ ಕಿಡಿ ಹಾರುತ್ತದೆ. ಮೆಲಮೈನ್ ತಟ್ಟೆ ಬೇಡ. ಹೋಟೆಲಿನಿಂದ ಪಾರ್ಸೆಲ್ ಬಂದ ಕಪ್ಪು ಡಬ್ಬಿಯಲ್ಲಿ ಸಾಗು, ಸಾಂಬಾರು ಬಿಸಿ ಮಾಡುವುದಂತೂ ಬೇಡವೇ ಬೇಡ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಎಣ್ಣೆ ಅದನ್ನು ದಾಟಿ ಕಾಯುತ್ತದೆ. ಎಣ್ಣೆ ತೇಲುವ ಮಟ್ಟದಲ್ಲಿ ಡಬ್ಬಿಯ ಒಳಮೈ ಒರಟಾಗಿ ಉಂಗುರ ಮೂಡಿರುವುದನ್ನು ನೀವೂ ನೋಡಿರಬಹುದು. ಆ ಸವೆದ ಪ್ಲಾಸ್ಟಿಕ್ ಹೋದದ್ದು ಊಟದೊಳಕ್ಕೇ.

ಈಗ ಮಗಳು ರಾಗಿ ಸರಿ, ಮೆತ್ತಗೆ ಕಲಸಿದ ಅನ್ನ ತಿನ್ನುತ್ತಾಳೆ. ಅವಳ ಪುಟ್ಟ ಪಾಲನ್ನು ಗ್ಯಾಸಿನ ಮೇಲಿಟ್ಟರೆ ತಳ ಹಿಡಿಯುತ್ತದೆ, ಹಾಗಾಗಿ ಇಲ್ಲಿ ಮೈಕ್ರೊವೇವ್ ಬಳಸುತ್ತೇವೆ. ಗಾಜಿನ ಬಟ್ಟಲಿನಲ್ಲಿ ಹಬೆಯಾಡುವಷ್ಟು ಕಾಯಿಸಿ, ತಳದಿಂದ ಕದಡಿ, ಎರಡು ನಿಮಿಷ ಬಿಟ್ಟು, ಮತ್ತೆ ಕದಡಿ, ಆರಿದ ಮೇಲೆ ನಾವು ರುಚಿ ನೋಡಿ ಕೊಡುತ್ತೇವೆ. ಚಮಚ ಆಡುವ ಆಹಾರಕ್ಕೆ ಇದು ಸಾಧ್ಯ, ಬಾಯಿ ಮುಚ್ಚಿದ ಬಾಟಲಿಗೆ ಸಾಧ್ಯವಿಲ್ಲ. ರಾಗಿ ಸರಿಯ ಮೇಲೆ ಕೆನೆಗಟ್ಟಿದ್ದರೆ ಒಳಗೆ ಹಬೆ ಸಿಕ್ಕಿಕೊಂಡು ಸಿಡಿಯುತ್ತದೆ, ಮೊದಲೇ ಮುರಿದಿಡಬೇಕು. ಅನ್ನವನ್ನು ಮಾತ್ರ ಮಧ್ಯಾಹ್ನದಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಬಿಟ್ಟು, ಬಿಸಿ ಮಾಡಿದರೆ ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ಅಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಯಾವ ಒಲೆಯ ಬಿಸಿಗೂ ಬಗ್ಗುವುದಿಲ್ಲ. ಮಗುವಿನ ಪಾಲನ್ನು ಅನ್ನ ಆದ ಕೂಡಲೇ ತೆಗೆದು, ಆರಿಸಿ, ಫ್ರಿಜ್‌ನಲ್ಲಿಡುವ ಕೆಲಸವನ್ನು ಮಾವನವರು ವಹಿಸಿಕೊಂಡಿದ್ದಾರೆ.